ಸಾಂಕ್ರಾಮಿಕ ಕಾಲದ ಆರೋಗ್ಯ ಮತ್ತು ಆಹಾರ ಕ್ರಮಗಳು: ಕೂಟಗಲ್ ಸೀಮೆ

ಕೂಟಗಲ್ ರಾಮನಗರ ತಾಲ್ಲೂಕಿನ ಒಂದು ಹೋಬಳಿ. ರಾಗಿ, ಮಾವು, ಹಿಪ್ಪುನೇರಳೆ ಇಲ್ಲಿನ ಮುಖ್ಯ ಬೆಳೆಗಳು. ಬೆಳೆದ ರೇಷ್ಮೆಗೂಡು ಹೋಗುವುದು ರಾಮನಗರದ ಮಾರುಕಟ್ಟೆಗೆ. ಸಾರ್ವಜನಿಕ ಆರೋಗ್ಯದ ಕೆಲಸ ಈ ಸೀಮೆಗೆ ಹೊಸದಲ್ಲ. ರಾಮನಗರವು ಕ್ಲೋಸ್‌ಪೇಟೆ ಎನಿಸಿಕೊಂಡಿದ್ದ 1930ರ ದಶಕದಲ್ಲೇ ಮೈಸೂರು ಸರ್ಕಾರ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಅಲ್ಲಿ ಗ್ರಾಮೀಣ ಆರೋಗ್ಯ ಕೇಂದ್ರ ನಡೆಸುತ್ತಿತ್ತು.

ರೇಷ್ಮೆ ಬೆಳೆಗಾರರು ವೈರಸ್ಸಿನ ಕಾಟವನ್ನು ಕೋವಿಡ್‌ಗೆ ಮೊದಲೇ ಬಲ್ಲವರು. ಹುಳುವಿಗೆ ಬರುವ ಹಾಲುತೊಂಡೆ ರೋಗವೂ ವೈರಸ್ಸಿನದೇ. ರೋಗ ತಗುಲಿದ ಹುಳುವಿನ ಚರ್ಮ ಒಡೆದು ಹಾಲಿನಂಥ ದ್ರವ ಸೋರುತ್ತದೆ. ಅದು ಮೆತ್ತಿದ ಸೊಪ್ಪನ್ನು ತಿಂದ ಹುಳುಗಳೂ ಸಾಯುತ್ತವೆ. ಅದಕ್ಕೇ ಪ್ರತಿ ಬೆಳೆಗೆ ಮುನ್ನ ಹುಳುಮನೆ, ತಟ್ಟೆ, ಹುಳು ಗೂಡು ಕಟ್ಟುವ ಚಂದ್ರಂಕಿಗಳನ್ನು ಬ್ಲೀಚಿಂಗ್ ಪುಡಿ ಮತ್ತು ಸುಣ್ಣದ ದ್ರಾವಣದಿಂದ ತೊಳೆಯುತ್ತಾರೆ, ಹೊರಗಿನವರನ್ನು ಒಳಗೆ ಬಿಡುವುದಿಲ್ಲ, ಕೈಕಾಲು ತೊಳೆಯದೆ ಮನೆಯವರೂ ಒಳಗೆ ಕಾಲಿಡುವುದಿಲ್ಲ. 2020ರಲ್ಲಿ ನಾಡಿನುದ್ದಕ್ಕೂ ಬೀದಿಬೀದಿಗೆ ಔಷಧ ಸಿಂಪಡಿಸಿದ್ದರ ಹಿಂದೆಯೂ ತೊಳೆದರೆ ವೈರಸ್ ಹೋಗುತ್ತದೆಂಬ ಇಂಥದೇ ನಂಬಿಕೆಯಿತ್ತು. ಆದರೆ ಹಾಲುತೊಂಡೆಯ ವೈರಸ್ ತಟ್ಟೆ, ಧೂಳಿನಲ್ಲಿ ಬಹುಕಾಲ ಉಳಿಯುತ್ತದೆ. ಕೋವಿಡ್ ಮುಖ್ಯವಾಗಿ ಹರಡುವುದು ಉಸಿರಿನಿಂದ. ಬೀದಿಗೆ ಸಿಂಪಡಿಸುವುದರಿಂದ ಪ್ರಯೋಜನವಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2020ರ ಮೇ ತಿಂಗಳಲ್ಲೇ ಹೇಳಿತು. ಕಿಟಕಿ ತೆರೆದಿಡುವುದು, ಮಾಸ್ಕ್ ಹಾಕುವುದು, ಗುಂಪು ಸೇರದಿರುವುದು ಅದಕ್ಕಿಂತ ಎಷ್ಟೋ ಮೇಲು.

ಗುಂಪು ಸೇರದಿರುವುದೇ ಇಲ್ಲಿ ಕಷ್ಟದ ಮಾತಾಗಿತ್ತು. ಹಣ್ಣಾದ ಹುಳು ಲಾಕ್‌ಡೌನ್ ಮುಗಿಯಲೆಂದು ಕಾಯುವುದಿಲ್ಲ. ಗೂಡು ಕಟ್ಟಿದ ಕೆಲವೇ ದಿನಗಳಲ್ಲಿ ಮಾರದಿದ್ದರೆ ಚಿಟ್ಟೆ ಗೂಡನ್ನು ತೂತುಮಾಡಿ ಹೊರಬರುತ್ತದೆ, ಆಮೇಲೆ ಅದರಿಂದ ನೂಲು ಬಿಚ್ಚಲಾಗದು. ಗೂಡಿನ ಹರಾಜಿಗೆ ಬೆಳೆಗಾರರೂ ನೂಲು ಬಿಚ್ಚುವ ರೀಲರುಗಳೂ ಒಂದೇ ಅಂಗಳದಲ್ಲಿ ಸೇರಲೇಬೇಕಿತ್ತು. ಬೆಂಗಳೂರಿಗೆ ಹತ್ತಿರವಿದ್ದೂ 2020ರ ಮೇ ಮೊದಲ ವಾರದಲ್ಲಿ ರಾಮನಗರ ಜಿಲ್ಲೆ ಸೋಂಕಿಲ್ಲದ ಜಿಲ್ಲೆಗಳ ಹಸಿರು ವಲಯದಲ್ಲಿತ್ತು. ಆ ನೆಮ್ಮದಿ ಬಹಳ ಕಾಲ ಉಳಿಯಲಿಲ್ಲ: ಜೂನ್ ಕೊನೆಗೆ ಅದೇ ಜಿಲ್ಲೆಯ ಕನಕಪುರ ತಾನಾಗಿಯೇ ಬಾಗಿಲು ಹಾಕಿಕೊಂಡಿತು. ಲಸಿಕೆ 2021ರ ಜನವರಿ 16ರಂದು ಆರೋಗ್ಯ ಕಾರ್ಯಕರ್ತರಿಂದ ಶುರುವಾಗಿ ಮಾರ್ಚ್ 1ರಿಂದ ಹಿರಿಯರಿಗೆ ಸಿಕ್ಕಿತು. ಎರಡನೆಯ ಅಲೆಯಲ್ಲಿ ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ಜ್ವರ, ಕೆಮ್ಮು ವಿಚಾರಿಸಿದರು. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ರಕ್ತದ ಆಮ್ಲಜನಕವನ್ನು ಶೇ. 94ಕ್ಕಿಂತ ಕಡಿಮೆ ತೋರಿಸಿದರೆ ತಡಮಾಡದೆ ಆಸ್ಪತ್ರೆಗೆ ಸೇರಿಸಬೇಕೆಂಬುದು ಆಗ ಹಳ್ಳಿಗಳಿಗೂ ತಲುಪಿದ ತಿಳಿವಳಿಕೆ.

ಆಹಾರದ ವಿಷಯದಲ್ಲಿ ಉಪಯುಕ್ತ ಸಲಹೆಗಿಂತ ವದಂತಿ ಬೇಗ ಹಬ್ಬಿತು. 2020ರ ಫೆಬ್ರವರಿ, ಮಾರ್ಚ್‌ನಲ್ಲಿ ಕೋಳಿಯಿಂದ ರೋಗ ಬರುತ್ತದೆಂಬ ಸುಳ್ಳಿಗೆ ಕೋಳಿ, ಮೊಟ್ಟೆಗಳ ಬೆಲೆ ನೆಲಕಚ್ಚಿತು. ಅಗ್ಗದಲ್ಲಿ ಸಿಗುವ ಒಳ್ಳೆಯ ಪ್ರೋಟೀನನ್ನೇ ಜನ ದೂರವಿಟ್ಟರು. ಆಯುಷ್ ಸಚಿವಾಲಯ ಹೇಳಿದ ತುಳಸಿ, ಮೆಣಸು, ಶುಂಠಿ, ಚಕ್ಕೆಯ ಕಷಾಯ ಗಂಟಲಿಗೆ ಹಿತ; ಸೋಂಕನ್ನು ತಡೆಯುತ್ತದೆಂಬುದಕ್ಕೆ ಗಟ್ಟಿಯಾದ ಪುರಾವೆಯಿಲ್ಲ. ಯಾವ ಊಟವೂ ವೈರಸ್ಸಿಗೆ ಬೇಲಿಯಲ್ಲ. ಊಟದ ಕೆಲಸ ಬೇರೆ: ಜ್ವರದಲ್ಲಿ ಸವೆದ ಮೈಯನ್ನು ಮತ್ತೆ ತುಂಬುವುದು.

ಅದಕ್ಕೆ ಬೇಕಾದದ್ದು ಈ ಸೀಮೆಯ ಅಡುಗೆಮನೆಯಲ್ಲೇ ಇದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದ್ದರೂ ಪ್ರೋಟೀನ್ ಏಳು ಗ್ರಾಂ ಮಾತ್ರ. ಹುರುಳಿಯಲ್ಲಿ ಪ್ರೋಟೀನ್ ಇಪ್ಪತ್ತು ಗ್ರಾಂ ದಾಟುತ್ತದೆ. ಹೀಗಾಗಿ ಬರಿಯ ಮುದ್ದೆಗಿಂತ ಹುರುಳಿ ಸಾರಿನ ಮುದ್ದೆ, ಕಾಳು ಸೊಪ್ಪು ಬೇಯಿಸಿದ ಬಸ್ಸಾರು ವಾಸಿ; ಕಟ್ಟು ಬಸಿದ ಮೇಲೆ ಉಳಿದ ಕಾಳನ್ನು ಪಲ್ಯ ಮಾಡಿ ತಿಂದರೆ ಮಾತ್ರ ಪ್ರೋಟೀನ್ ಪೂರ್ತಿ ಸಿಗುವುದು. ರುಚಿ, ವಾಸನೆ ಕಳೆದುಕೊಂಡವರಿಗೆ ಮಜ್ಜಿಗೆ ಬೆರೆಸಿದ ಅಂಬಲಿ, ತೆಳು ಗಂಜಿ ಇಳಿಯುತ್ತದೆ. ಸ್ವಲ್ಪ ಸ್ವಲ್ಪವೇ ಹಲವು ಸಲ ಕೊಡಬೇಕು. ಸಕ್ಕರೆ ಕಾಯಿಲೆಯವರು ಮಾತ್ರ ಗಂಜಿಯನ್ನು ಅಳೆದು ಕುಡಿಯಬೇಕು. ಸಕ್ಕರೆ ಹತೋಟಿಯಲ್ಲಿಲ್ಲದೆ ಸ್ಟೆರಾಯ್ಡ್ ಪಡೆದವರಲ್ಲೇ 2021ರಲ್ಲಿ ಕಪ್ಪು ಶಿಲೀಂಧ್ರ ರೋಗ ಹೆಚ್ಚಾಗಿ ಕಾಣಿಸಿಕೊಂಡಿತು.

ಇದನ್ನೆಲ್ಲ ಕೊಳ್ಳುವ ಶಕ್ತಿ ಇರಬೇಕಷ್ಟೆ. 2020ರ ಏಪ್ರಿಲ್‌ನಿಂದ ಕೇಂದ್ರ ಸರ್ಕಾರ ಪಡಿತರ ಚೀಟಿಯಲ್ಲಿ ಹೆಸರಿದ್ದ ತಲೆಗೆ ಐದು ಕೆ.ಜಿ. ಧಾನ್ಯವನ್ನು ಹೆಚ್ಚುವರಿಯಾಗಿ ಉಚಿತವಾಗಿ ಕೊಟ್ಟಿತು. ಶಾಲೆ ಮುಚ್ಚಿದಾಗ ಬಿಸಿಯೂಟದ ಅಕ್ಕಿ, ಬೇಳೆ ಮಕ್ಕಳ ಮನೆಗೆ ಹೋಯಿತು. ಹೊಟ್ಟೆ ತುಂಬಿಸುವ ಮಟ್ಟಿಗೆ ಇದು ದೊಡ್ಡ ಆಸರೆ. ಸೊಪ್ಪು, ಮೊಟ್ಟೆ, ಹಾಲನ್ನು ಮಾತ್ರ ಕೂಲಿ ನಿಂತ ಮನೆಗಳು ತಾವೇ ಹೊಂದಿಸಿಕೊಳ್ಳಬೇಕಾಯಿತು.