ವಿಳಾಸ ಕೇಳದ ಮೆಮೊರಿ

ಕಲಘಟಗಿ ತಾಲ್ಲೂಕಿನ ಮಿಶ್ರಿಕೋಟಿಯಲ್ಲಿ ರೈತರೊಬ್ಬರು ಮೊಬೈಲ್ ತೆಗೆದು ಗೋವಿನಜೋಳದ ಧಾರಣೆ ನೋಡುತ್ತಾರೆ ಎಂದುಕೊಳ್ಳಿ. ಆ ಒಂದು ಕೋರಿಕೆ ಪ್ಯಾಕೆಟ್ಟಾಗಿ ಹೊರಟು ಸರ್ವರ್ ಮುಟ್ಟುವಷ್ಟರಲ್ಲಿ ಹಲವು ರೂಟರುಗಳನ್ನು ದಾಟಿರುತ್ತದೆ. ಪ್ರತಿ ರೂಟರಿಗೂ ಇರುವುದು ಒಂದೇ ಪ್ರಶ್ನೆ: ಈ ಪ್ಯಾಕೆಟ್ಟನ್ನು ಯಾವ ಕಡೆ ದಬ್ಬಬೇಕು? ಅದಕ್ಕೆ ಉತ್ತರ ಲಕ್ಷಗಟ್ಟಲೆ ಸಾಲುಗಳ ಪಟ್ಟಿಯಲ್ಲಿ ಎಲ್ಲೋ ಇದೆ. ಸೆಕೆಂಡಿಗೆ 100 ಗಿಗಾಬಿಟ್ ಹರಿಯುವ ಸಂಪರ್ಕದಲ್ಲಿ ಅತಿ ಸಣ್ಣ ಪ್ಯಾಕೆಟ್ಟುಗಳೇ ಬೆನ್ನುಬೆನ್ನಿಗೆ ಬಂದರೆ ಸೆಕೆಂಡಿಗೆ ಸುಮಾರು 15 ಕೋಟಿ ಬರುತ್ತವೆ. ಒಂದೊಂದಕ್ಕೆ ಸಿಗುವ ಸಮಯ 7 ನ್ಯಾನೊಸೆಕೆಂಡಿಗಿಂತ ಕಡಿಮೆ. ಪಟ್ಟಿಯನ್ನು ಮೇಲಿಂದ ಕೆಳಕ್ಕೆ ಓದುತ್ತ ಕೂತರೆ ಆಗದ ಕೆಲಸ ಇದು.

ಸಾಮಾನ್ಯ ಮೆಮೊರಿಗೆ ವಿಳಾಸ ಕೊಟ್ಟರೆ ಅಲ್ಲಿರುವ ಮಾಹಿತಿ ಕೊಡುತ್ತದೆ. ಇನ್ನೊಂದು ಜಾತಿಯ ಮೆಮೊರಿ ಇದರ ತದ್ವಿರುದ್ಧ: ಮಾಹಿತಿ ಕೊಟ್ಟರೆ ಅದು ಯಾವ ಸಾಲಿನಲ್ಲಿದೆ ಎಂದು ಹೇಳುತ್ತದೆ. ಎಂಜಿನಿಯರುಗಳ ಬಾಯಲ್ಲಿ ಇದು ‘ಕ್ಯಾಮ್’. ಇದರ ಪ್ರತಿ ಬಿಟ್ಟಿಗೂ ಪಕ್ಕದಲ್ಲೇ ಹೋಲಿಸಿ ನೋಡುವ ಟ್ರಾನ್ಸಿಸ್ಟರುಗಳಿರುತ್ತವೆ. ಪ್ರತಿ ಸಾಲಿನ ಉದ್ದಕ್ಕೂ ‘ಮ್ಯಾಚ್‌ಲೈನ್’ ಎಂಬ ತಂತಿ. ಹುಡುಕಾಟಕ್ಕೆ ಮೊದಲು ಎಲ್ಲ ತಂತಿಗಳಿಗೂ ವಿದ್ಯುತ್ ತುಂಬುತ್ತಾರೆ. ಒಂದು ಬಿಟ್ ತಾಳೆಯಾಗದಿದ್ದರೂ ಆ ಸಾಲಿನ ತಂತಿ ಬರಿದಾಗುತ್ತದೆ. ಬರಿದಾಗದೆ ಉಳಿದ ಸಾಲೇ ಉತ್ತರ. ಪಟ್ಟಿ ನೂರು ಸಾಲಿನದಿರಲಿ, ಲಕ್ಷ ಸಾಲಿನದಿರಲಿ, ಹೋಲಿಕೆ ಒಂದೇ ಏಟಿಗೆ ಮುಗಿಯುತ್ತದೆ. ಸರಿ, ಆದರೆ ಒಂದು ಉತ್ತರಕ್ಕಾಗಿ ಉಳಿದ ತಂತಿಗಳನ್ನೆಲ್ಲ ತುಂಬಿ ಬರಿದು ಮಾಡಬೇಕು. ಈ ಕ್ಷೇತ್ರದ ಎಪ್ಪತ್ತು ವರ್ಷಗಳ ಜಗಳವೆಲ್ಲ ಈ ದುಂದುಗಾರಿಕೆಯದ್ದೇ.

ಆರಂಭ ಸಿಲಿಕಾನಿನಲ್ಲಿ ಅಲ್ಲ, ದ್ರವ ಹೀಲಿಯಂನಲ್ಲಿ. ಅಮೆರಿಕದ ಎಂಐಟಿಯಲ್ಲಿದ್ದ ಡಡ್ಲಿ ಬಕ್, ಟ್ಯಾಂಟಲಂ ತಂತಿಗೆ ನಿಯೋಬಿಯಂ ತಂತಿ ಸುತ್ತಿ ‘ಕ್ರಯೋಟ್ರಾನ್’ ಎಂಬ ಅತಿವಾಹಕ ಸ್ವಿಚ್ ಮಾಡಿ 1956ರಲ್ಲಿ ಪ್ರಕಟಿಸಿದ. ಅದೇ ವರ್ಷ ಸ್ಲೇಡ್ ಮತ್ತು ಮ್ಯಾಕ್‌ಮಹೋನ್ ಅದೇ ಸ್ವಿಚ್ಚುಗಳಿಂದ, ಮಾಹಿತಿಯನ್ನೇ ಕೊಟ್ಟು ಹುಡುಕಬಲ್ಲ ಕೆಟಲಾಗ್ ಮೆಮೊರಿಯ ವಿನ್ಯಾಸ ಮುಂದಿಟ್ಟರು. ಬಕ್ 1959ರಲ್ಲಿ 32ನೆಯ ವಯಸ್ಸಿಗೇ ತೀರಿಕೊಂಡ. ಟ್ರಾನ್ಸಿಸ್ಟರು ಅಗ್ಗವಾಗುತ್ತ ಹೋದಂತೆ, ಹೀಲಿಯಂ ಬೇಡುವ ಸ್ವಿಚ್ಚನ್ನು ಕೇಳುವವರು ಇಲ್ಲವಾದರು.

1962ರಲ್ಲಿ ಉದ್ಘಾಟನೆಯಾದ ಮ್ಯಾಂಚೆಸ್ಟರಿನ ಅಟ್ಲಾಸ್ ಕಂಪ್ಯೂಟರಿನಲ್ಲಿ ಈ ವಿಚಾರ ನಿಜವಾದ ದುಡಿಮೆಗೆ ಇಳಿಯಿತು. ಅದರ ಮುಖ್ಯ ಮೆಮೊರಿಯಲ್ಲಿ 32 ಪುಟಗಳು, ಪುಟಕ್ಕೊಂದು ರಿಜಿಸ್ಟರ್. ಬೇಕಾದ ಪುಟ ಎಲ್ಲಿದೆ ಎಂದು 32 ರಿಜಿಸ್ಟರುಗಳನ್ನೂ ಏಕಕಾಲಕ್ಕೆ ಕೇಳಿ ತಿಳಿಯುತ್ತಿದ್ದರು. ಇವತ್ತಿನ ಪ್ರೊಸೆಸರುಗಳಲ್ಲಿ ಪುಟಗಳ ಜಾಗ ಹೇಳುವ ಟಿಎಲ್‌ಬಿ ಎಂಬ ಭಾಗ ಇದೇ ವಂಶದ್ದು. ಪಟ್ಟಿ ಚಿಕ್ಕದು, ಆತುರ ದೊಡ್ಡದು. ಇಂಥ ಜಾಗದಲ್ಲಿ ಕ್ಯಾಮ್ ಎಂದೂ ಸೋತಿಲ್ಲ.

ಕ್ಯಾಮನ್ನು ದೊಡ್ಡದು ಮಾಡಹೊರಟವರೂ ಇದ್ದರು. ಟೈರಿಗೆ ಹೆಸರಾದ ಗುಡ್‌ಇಯರ್ ಬಳಗದ ಏರೋಸ್ಪೇಸ್ ಕಂಪನಿ 1972ರಲ್ಲಿ ‘ಸ್ಟಾರನ್’ ಎಂಬ ಯಂತ್ರವನ್ನು ಹೊರತಂದಿತು. ವಿಮಾನ ಸಂಚಾರ ನಿಯಂತ್ರಣದಂಥ ಕೆಲಸಕ್ಕೆ ಅದನ್ನು ಮುಂದೊಡ್ಡಿತು. ಅದು ಬೆರಳೆಣಿಕೆಯಷ್ಟೇ ಮಾರಾಟವಾಯಿತು.

ಕ್ಯಾಮ್‌ಗೆ ಮಾರುಕಟ್ಟೆ ಕೊಟ್ಟದ್ದು ಇಂಟರ್‌ನೆಟ್. 1993ರಲ್ಲಿ ಅದರ ವಿಳಾಸ ಹಂಚುವ ರೀತಿ ಬದಲಾಯಿತು. ವಿಳಾಸದ ಮೊದಲ ಎಷ್ಟು ಬಿಟ್ಟುಗಳು ಜಾಲವನ್ನು ಸೂಚಿಸುತ್ತವೆ ಎಂಬುದಕ್ಕೆ ನಿಶ್ಚಿತ ಉದ್ದವೇ ಉಳಿಯಲಿಲ್ಲ. ಇದನ್ನು ಅಂಚೆಯ ಪಿನ್‌ಕೋಡಿನಿಂದ ತಿಳಿಯುವುದು ಸುಲಭ. ಕಲಘಟಗಿಯ ಪಿನ್ 581204. ದೂರದ ದೆಹಲಿಯಲ್ಲಿ ಕಾಗದ ಬೇರ್ಪಡಿಸುವವರಿಗೆ ಮೊದಲಿನ 5 ಕಂಡರೆ ಸಾಕು, ದಕ್ಷಿಣದ ಚೀಲಕ್ಕೆ ಹಾಕುತ್ತಾರೆ. ಮುಂದೆ 58 ನೋಡುವವರು, ಆಮೇಲೆ 581 ನೋಡುವವರು, ಕೊನೆಗೆ ಆರೂ ಅಂಕಿ ನೋಡುವವರು. ರೂಟರಿನ ಪಟ್ಟಿಯಲ್ಲಿ ಈ ನಾಲ್ಕೂ ಬಗೆಯ ಸಾಲುಗಳು ಒಟ್ಟಿಗೇ ಇರುತ್ತವೆ. ಒಂದು ವಿಳಾಸಕ್ಕೆ ಹಲವು ಸಾಲುಗಳು ತಾಳೆಯಾದರೆ, ಅತಿ ಉದ್ದಕ್ಕೆ ಹೊಂದುವ ಸಾಲನ್ನೇ ಆರಿಸಬೇಕು. ಹೀಗಾಗಿ 0 ಮತ್ತು 1ರ ಜೊತೆಗೆ ‘ಏನಾದರೂ ಆಗಬಹುದು’ ಎಂಬ ಮೂರನೆಯ ಸ್ಥಿತಿಯನ್ನೂ ಇಟ್ಟುಕೊಳ್ಳುವ ಮೆಮೊರಿ ಬೇಕಾಯಿತು. ಅದೇ ಟಿಕ್ಯಾಮ್. ಸಾಮಾನ್ಯ ಎಸ್‌ರ್‍ಯಾಮಿನಲ್ಲಿ ಒಂದು ಬಿಟ್ಟಿಗೆ 6 ಟ್ರಾನ್ಸಿಸ್ಟರ್ ಸಾಕಾದರೆ ರೂಢಿಯ ಟಿಕ್ಯಾಮಿನಲ್ಲಿ 16 ಬೇಕು.

ಇದೇ ಹೊತ್ತಿನಲ್ಲಿ ಹುಬ್ಬಳ್ಳಿಯ ಒಬ್ಬರು ಬೇರೆಯೇ ದಾರಿ ಹಿಡಿದು ಗೆದ್ದಿದ್ದರು. 1950ರಲ್ಲಿ ಹುಬ್ಬಳ್ಳಿಯಲ್ಲಿ ಹುಟ್ಟಿ, ಮದ್ರಾಸಿನ ಐಐಟಿಯಲ್ಲಿ ಓದಿದ ಗುರುರಾಜ ದೇಶಪಾಂಡೆ, 1990ರ ದಶಕದ ಆರಂಭದಲ್ಲಿ ಮ್ಯಾಸಚೂಸೆಟ್ಸಿನಲ್ಲಿ ಕ್ಯಾಸ್ಕೇಡ್ ಕಮ್ಯುನಿಕೇಶನ್ಸ್ ಕಟ್ಟಿದರು. ಅವರ ಸ್ವಿಚ್ಚುಗಳು ಫ್ರೇಮ್ ರಿಲೇ, ಎಟಿಎಂ ಎಂಬ ಪದ್ಧತಿಗಳವು. (ಇದು ಹಣ ತೆಗೆಯುವ ಎಟಿಎಂ ಅಲ್ಲ.) ಫ್ರೇಮ್ ರಿಲೇಯಲ್ಲಿ ದಾರಿಯನ್ನು ಮೊದಲೇ ಗೊತ್ತುಮಾಡಿ ಅದಕ್ಕೊಂದು ಸಂಖ್ಯೆ ಹಚ್ಚುತ್ತಾರೆ. ಆ ಸಂಖ್ಯೆ ಸಾಮಾನ್ಯವಾಗಿ 10 ಬಿಟ್ಟಿನದು, ಹೆಚ್ಚೆಂದರೆ 1024 ಬೆಲೆಗಳು. ಅಷ್ಟು ಚಿಕ್ಕದಾದ್ದರಿಂದ ಸಂಖ್ಯೆಯನ್ನೇ ಮೆಮೊರಿಯ ವಿಳಾಸವಾಗಿ ಬಳಸಬಹುದು. ನೇರ ಆ ಸಾಲಿಗೆ ಹೋಗಿ ಓದಿದರಾಯಿತು, ಹುಡುಕಾಟದ ಪ್ರಮೇಯವೇ ಇಲ್ಲ. 1997ರಲ್ಲಿ ಅಸೆಂಡ್ ಕಂಪನಿ ಕ್ಯಾಸ್ಕೇಡನ್ನು 370 ಕೋಟಿ ಡಾಲರಿಗೆ ಕೊಂಡಿತು.

ಹುಡುಕುವ ಚಿಪ್ಪಿಗೂ ಅಷ್ಟೇ ಬೆಲೆ ಬಂದದ್ದು ಹದಿನಾಲ್ಕು ವರ್ಷ ಕಳೆದ ಮೇಲೆ. ಕ್ಯಾಲಿಫೋರ್ನಿಯಾದ ನೆಟ್‌ಲಾಜಿಕ್ ಮೈಕ್ರೋಸಿಸ್ಟಮ್ಸ್ ಟಿಕ್ಯಾಮನ್ನೇ ನೆಚ್ಚಿ ಬೆಳೆದ ಕಂಪನಿ. 2006ರಲ್ಲಿ ಸೈಪ್ರೆಸ್ ಕಂಪನಿಯ ಹುಡುಕು ಚಿಪ್ಪುಗಳನ್ನು ಕೊಂಡಿತು. ಅವುಗಳಲ್ಲಿ ‘ಸಹಸ್ರ’ ಎಂಬ ಹೆಸರಿನ ಸರಣಿಯೂ ಇತ್ತು. 2009ರಲ್ಲಿ ಐಡಿಟಿಯ ಇದೇ ವ್ಯವಹಾರವನ್ನೂ ನುಂಗಿತು. 2011ರಲ್ಲಿ ಬ್ರಾಡ್‌ಕಾಮ್ ಈ ನೆಟ್‌ಲಾಜಿಕ್ಕನ್ನೇ ಕೊಳ್ಳುವುದಾಗಿ ಘೋಷಿಸಿತು. ಮೊತ್ತ ಮತ್ತೆ 370 ಕೋಟಿ ಡಾಲರ್! ಕಾಕತಾಳೀಯವೇ ಸರಿ, ಆದರೂ ಹುಡುಕಾಟ ತಪ್ಪಿಸಿದವರಿಗೂ ಹುಡುಕಾಟವನ್ನೇ ಮಾರಿದವರಿಗೂ ಒಂದೇ ಬೆಲೆ ಬಂದದ್ದು ಮೋಜಿನ ಸಂಗತಿ.

ಟಿಕ್ಯಾಮಿನ ಮಿತಿ ಎಲ್ಲರ ಕಣ್ಣಿಗೂ ಬಿದ್ದದ್ದು 2014ರ ಆಗಸ್ಟ್ 12ರಂದು. ಸಿಸ್ಕೋ ಕಂಪನಿಯ ಹಳೆಯ, ಆದರೆ ಎಲ್ಲೆಡೆ ಬಳಕೆಯಲ್ಲಿದ್ದ ಕೆಲವು ರೂಟರುಗಳ ಟಿಕ್ಯಾಮಿನಲ್ಲಿ ಐಪಿವಿ4 ಎಂಬ ಹಳೆಯ ವಿಳಾಸ ಪದ್ಧತಿಯ ಮಾರ್ಗಗಳಿಗೆ ಮೀಸಲಿದ್ದ ಜಾಗ 512ಕೆ, ಅಂದರೆ 5,24,288 ಸಾಲು. ಜಗತ್ತಿನ ಮಾರ್ಗಪಟ್ಟಿ ಆ ಗಡಿಯ ಸಮೀಪ ಬಂದಿತ್ತು. ಅಂದು ವೆರೈಜನ್ ಜಾಲದಿಂದ ಸುಮಾರು 15,000 ಹೊಸ ಸಾಲುಗಳು ಒಮ್ಮೆಗೇ ಹೊರಬಿದ್ದವು. ಪಟ್ಟಿ ಉಕ್ಕಿತು. ಟಿಕ್ಯಾಮಿನಲ್ಲಿ ಹಿಡಿಸದ ಮಾರ್ಗಗಳ ಭಾರ ನಿಧಾನದ ಪ್ರೊಸೆಸರಿನ ತಲೆಗೆ ಬಂತು, ಇಂಟರ್‌ನೆಟ್ ಅಲ್ಲಲ್ಲಿ ತಡವರಿಸಿತು. ರಿಪೇರಿಯೂ ಸರಳವೇ ಇತ್ತು: ಹೊಸ ಪದ್ಧತಿಯಾದ ಐಪಿವಿ6ಕ್ಕೆ ಬಿಟ್ಟಿದ್ದ ಜಾಗವನ್ನು ಕತ್ತರಿಸಿ ಐಪಿವಿ4ಕ್ಕೆ ಕೊಟ್ಟು ಯಂತ್ರವನ್ನು ಮತ್ತೆ ಚಾಲೂ ಮಾಡುವುದು. ಈ ಅಪಾಯದ ಬಗ್ಗೆ ಸಿಸ್ಕೋ ಕೆಲವು ತಿಂಗಳ ಮೊದಲೇ ಎಚ್ಚರಿಸಿತ್ತು. ಕೇಳಿಸಿಕೊಂಡವರು ಕಡಿಮೆ.

2024ರ ಹೊತ್ತಿಗೆ ಆ ಪಟ್ಟಿ 9 ಲಕ್ಷ ದಾಟಿತ್ತು. ಐಪಿವಿ6 ವಿಳಾಸಗಳಂತೂ 32ರ ಬದಲು 128 ಬಿಟ್ಟಿನವು. ಹೀಗಾಗಿ ಅನೇಕ ದೊಡ್ಡ ರೂಟರುಗಳಲ್ಲಿ ಮಾರ್ಗಪಟ್ಟಿ ಈಗ ಸಾಮಾನ್ಯ ಮೆಮೊರಿಗೆ ಸರಿದಿದೆ; ಅಲ್ಲಿ ಹುಡುಕುವ ಕೆಲಸವನ್ನು ಜಾಣ ಲೆಕ್ಕಾಚಾರ ಮಾಡುತ್ತದೆ. ಯಾವ ಪ್ಯಾಕೆಟ್ಟನ್ನು ಬಿಡಬೇಕು, ಯಾವುದನ್ನು ತಡೆಯಬೇಕು ಎಂಬ ನಿಯಮಗಳಿಗೆ ಟಿಕ್ಯಾಮ್ ಉಳಿದುಕೊಂಡಿದೆ. ಅಟ್ಲಾಸಿನ ಪಾಠವೇ ಮರಳಿ ಬಂದಂತಾಯಿತು. ಚಿಕ್ಕ ಪಟ್ಟಿಯೇ ಇದರ ಸ್ವಂತ ಮನೆ ಎನ್ನಬೇಕು.

ಇಂಥ ಚಿಪ್ಪುಗಳ ವಿನ್ಯಾಸದಲ್ಲಿ ಒಂದು ಕೋಶವನ್ನು ಬಿಡಿಸಿ ಅದನ್ನು ಲಕ್ಷಾಂತರ ಸಲ ಹಾಸಬೇಕಾಗುತ್ತದೆ. ಕೋಶ ಕೂದಲೆಳೆಯಷ್ಟು ಕುಗ್ಗಿದರೂ ಇಡೀ ಚಿಪ್ಪಿಗೆ ಲಾಭ. ಅದಕ್ಕೇ ಲೇಔಟ್ ಬಿಡಿಸುವವರ ಕೈಗೆ ಇಲ್ಲಿ ಬೆಲೆ. ಈ ಬಗೆಯ ಕೈಕಸುಬು ಧಾರವಾಡ ಜಿಲ್ಲೆಗೆ ಹೊಸದಲ್ಲ. ವಿವೇಕ ಪವಾರ 2005ರಲ್ಲಿ ಹುಬ್ಬಳ್ಳಿಯಲ್ಲಿ ಕಟ್ಟಿದ ಸಂಕಲ್ಪ ಸೆಮಿಕಂಡಕ್ಟರ್ ಅನಲಾಗ್ ಮತ್ತು ಮಿಶ್ರ ಸಿಗ್ನಲ್ ಚಿಪ್ಪುಗಳ ವಿನ್ಯಾಸಕ್ಕೆ ಹೆಸರಾಯಿತು. 2019ರಲ್ಲಿ ಅದನ್ನು ಎಚ್‌ಸಿಎಲ್ ಕೊಂಡಿತು.

ಹೊಸ ಪ್ರಯತ್ನಗಳೆಲ್ಲ ಆ 16 ಟ್ರಾನ್ಸಿಸ್ಟರುಗಳನ್ನು ಕಡಿಮೆ ಮಾಡುವತ್ತ ನೆಟ್ಟಿವೆ. ಐಬಿಎಂನವರು ಸ್ಥಿತಿ ಬದಲಿಸುವ ವಸ್ತು ಬಳಸಿ, ಎರಡು ಟ್ರಾನ್ಸಿಸ್ಟರ್ ಮತ್ತು ಎರಡು ನಿರೋಧಕಗಳಲ್ಲೇ ಕೋಶ ಮುಗಿಸಿ 1 ಮೆಗಾಬಿಟ್ಟಿನ ಟಿಕ್ಯಾಮ್ ಮಾಡಿ ತೋರಿಸಿದರು. ಕರೆಂಟು ಹೋದರೂ ಅದರಲ್ಲಿರುವುದು ಅಳಿಯುವುದಿಲ್ಲ. 2020ರಲ್ಲಿ ಹ್ಯೂಲೆಟ್ ಪ್ಯಾಕರ್ಡ್ ಪ್ರಯೋಗಾಲಯದ ಕ್ಯಾನ್ ಲಿ ಮತ್ತು ಸಂಗಡಿಗರು ತನ್ನ ನಿರೋಧವನ್ನು ನೆನಪಿಟ್ಟುಕೊಳ್ಳುವ ಮೆಮ್ರಿಸ್ಟರಿನಿಂದ ಅನಲಾಗ್ ಕ್ಯಾಮ್ ರೂಪಿಸಿದರು. ಅದರ ಕೋಶ ಕೇಳುವುದು 0 ಹೌದೋ 1 ಹೌದೋ ಎಂದಲ್ಲ. ಬಂದ ಬೆಲೆ ಈ ಎರಡು ಗಡಿಗಳ ನಡುವೆ ಇದೆಯೇ ಎಂದು. ಯಂತ್ರಕಲಿಕೆಯ ನಿರ್ಣಯ ವೃಕ್ಷಗಳಿಗೆ ಇದು ಚೆನ್ನಾಗಿ ಒಗ್ಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಶ್ರೀತೋಷ್ ಗೋಸ್ವಾಮಿ ಅವರ ತಂಡ 2024ರಲ್ಲಿ ವರದಿ ಮಾಡಿದ ಆಣ್ವಿಕ ಮೆಮ್ರಿಸ್ಟರ್ ಸುಮಾರು 16,500 ಹಂತಗಳನ್ನು ಹಿಡಿದಿಡಬಲ್ಲದು. ಅದು ಮಾಡುವುದು ಗುಣಾಕಾರದ ಕೆಲಸ, ಹುಡುಕಾಟವಲ್ಲ. ಆದರೆ ಮಾಹಿತಿ ಇರುವಲ್ಲಿಯೇ ಲೆಕ್ಕ ಮುಗಿಸುವ ಹಟ ಎರಡರಲ್ಲೂ ಒಂದೇ.

ಈ ಹೊಸ ಸಾಧನಗಳಿಗೆ ಒಂದು ಸಾಮಾನ್ಯ ತೊಡಕಿದೆ. ಅವುಗಳ ‘ಹೌದು’ ಮತ್ತು ‘ಅಲ್ಲ’ಗಳ ನಡುವಿನ ಅಂತರ ಟ್ರಾನ್ಸಿಸ್ಟರಿನಷ್ಟು ದೊಡ್ಡದಲ್ಲ. ಸಾಲು ಉದ್ದವಾದಷ್ಟೂ, ಪೂರ್ತಿ ತಾಳೆಯಾದ ತಂತಿಯಲ್ಲೂ ಸಣ್ಣ ಸೋರಿಕೆಗಳು ಕೂಡಿಕೊಂಡು, ಒಂದೇ ಬಿಟ್ ತಪ್ಪಿದ ಸಾಲಿಗೂ ಅದಕ್ಕೂ ವ್ಯತ್ಯಾಸ ತಿಳಿಯುವುದು ಕಷ್ಟವಾಗುತ್ತದೆ. ಮಾರುಕಟ್ಟೆಯಲ್ಲಿರುವ ಟಿಕ್ಯಾಮ್‌ಗಳು ಬಹುಪಾಲು ಈಗಲೂ ಎಸ್‌ರ್‍ಯಾಮ್ ಕೋಶಗಳ ಮೇಲೆ ನಿಂತವೇ.