ತುರುಬಿನ ಸೂಜಿ ಬೆಟ್ಟ ಹತ್ತಿದ್ದು

ತಾಳವಾಡಿ ಕಡೆಯಿಂದ ಸತ್ಯಮಂಗಲಕ್ಕೆ ಬಸ್ಸಿನಲ್ಲಿ ಇಳಿದವರಿಗೆ ದಿಂಬಂ ಘಾಟಿಯ 27 ತಿರುವುಗಳನ್ನು ಪರಿಚಯಿಸಬೇಕಿಲ್ಲ. 1956ರಲ್ಲಿ ರಾಜ್ಯಗಳ ಗಡಿ ಎಳೆದಾಗ ತಾಳವಾಡಿ ಮದ್ರಾಸ್ ರಾಜ್ಯದಲ್ಲೇ ಉಳಿಯಿತು. ತಾಲ್ಲೂಕು ಕಚೇರಿ ಬಹುಕಾಲ ಘಾಟಿಯ ಕೆಳಗಿನ ಸತ್ಯಮಂಗಲದಲ್ಲಿತ್ತು. ಒಂದು ಪಹಣಿ ಕಾಗದಕ್ಕೂ ಇಷ್ಟು ತಿರುವು ಇಳಿದು ಮತ್ತೆ ಹತ್ತಬೇಕಿತ್ತು. ಆ ತಿರುವಿಗೆ ಏನೆನ್ನುತ್ತೀರಿ ಎಂದು ಕೇಳಿದರೆ ಮಾತ್ರ ನಮ್ಮವರ ಉತ್ತರ ಇಂಗ್ಲಿಷಿನಲ್ಲಿ: ಹೇರ್‌ಪಿನ್.

ಹೇರ್‌ಪಿನ್ ಎಂದರೆ ಹೆಂಗಸರು ತುರುಬಿಗೆ ಚುಚ್ಚಿಕೊಳ್ಳುವ ಪಿನ್ನು. ನಿಮ್ಮ ಅಜ್ಜಿಯ ತಲೆಯಲ್ಲಿ ನೋಡಿರುತ್ತೀರಿ. ಒಂದೇ ತಂತಿಯನ್ನು ನಡುವೆ ಬಗ್ಗಿಸಿ, ಎರಡು ಕಾಲುಗಳನ್ನು ಅಕ್ಕಪಕ್ಕ ತಂದಿರುತ್ತಾರೆ. ಘಾಟಿಯ ರಸ್ತೆಯೂ ಹೀಗೇ ಮಡಚಿಕೊಳ್ಳುತ್ತದೆ. ಈಗಷ್ಟೇ ದಾಟಿದ ರಸ್ತೆ ಕಿಟಕಿಯ ಕೆಳಗೇ ಕಾಣುತ್ತದೆ. ಹಾಗಾಗಿ ಕಡಿದಾದ ತಿರುವೆಲ್ಲ ಹೇರ್‌ಪಿನ್ ಅಲ್ಲ. ಊರ ಮೂಲೆಯಲ್ಲಿ ರಸ್ತೆ ಥಟ್ಟನೆ ಎಡಕ್ಕೆ ಹೊರಳಿದರೆ ಅದು ಬರೀ ತಿರುವು. ಗಾಡಿಯ ಮುಖ ಬಂದ ದಿಕ್ಕಿಗೇ ತಿರುಗಬೇಕು, ಆಗಲೇ ಈ ಹೆಸರು ಸಲ್ಲುತ್ತದೆ.

19ನೇ ಶತಮಾನದ ಇಂಗ್ಲಿಷರು ಇಂಥ ದಾರಿಯನ್ನು ಹೆಚ್ಚಾಗಿ ಝಿಗ್‌ಝಾಗ್ ಎನ್ನುತ್ತಿದ್ದರು. ಮೋಟಾರು ಗಾಡಿ ಬಂದು, ಚಾಲಕನಿಗೆ ಒಂದೊಂದು ತಿರುವೂ ಒಂದೊಂದು ಪರೀಕ್ಷೆಯಾದ ಮೇಲೆಯೇ ಹೇರ್‌ಪಿನ್ ಎಂಬ ಹೆಸರು ರಸ್ತೆಗೆ ಅಂಟಿಕೊಂಡಿತು. ಎತ್ತಿನ ಗಾಡಿಯವನಿಗೆ ಅದರ ಗೊಡವೆ ಅಷ್ಟಿರಲಿಲ್ಲವೇನೋ!

ನೆರೆಯವರು ಏನು ಮಾಡಿದರು ನೋಡಿ. ತಮಿಳರು ಅದನ್ನು ‘ಕೊಂಡೈ ಊಸಿ ವಳೈವು’ ಮಾಡಿಕೊಂಡರು. ಕೊಂಡೈ ಎಂದರೆ ತುರುಬು, ಊಸಿ ಎಂದರೆ ಸೂಜಿ. ವಯನಾಡಿನವರು ಇಂಗ್ಲಿಷ್ ಮಾತನ್ನೇ ಇಟ್ಟುಕೊಂಡು ‘ಹೇರ್‌ಪಿನ್ ವಳವು’ ಎಂದರು. ತಾಮರಶ್ಶೇರಿ ಚುರದಲ್ಲಿ ಅಂಥವು 9. ಅಲ್ಲಿ ಲಾರಿ ಕೆಟ್ಟು ನಿಂತರೆ ಎಷ್ಟನೇ ವಳವಿನಲ್ಲಿ ಎಂದೇ ಮೊದಲು ಕೇಳುತ್ತಾರೆ. ಆ ದಾರಿಯನ್ನು ಇಂಗ್ಲಿಷ್ ಅಧಿಕಾರಿಗೆ ತೋರಿಸಿಕೊಟ್ಟವನು ಪಣಿಯರ ಕರಿಂತಂಡನ್, ಕೀರ್ತಿಯ ಆಸೆಗೆ ಆ ಅಧಿಕಾರಿ ಅವನನ್ನೇ ಕೊಂದ ಎಂದು ಜನ ಹೇಳುತ್ತಾರೆ. ಅವನ ಆತ್ಮವನ್ನು ಕಟ್ಟಿಹಾಕಿತೆನ್ನುವ ಸರಪಳಿಯ ಮರ ಲಕ್ಕಿಡಿಯಲ್ಲಿದೆ. ಇದು ದಂತಕಥೆ, ಆದರೆ ಬೆಟ್ಟದ ಏರಿಳಿತ ಬಲ್ಲವರು ಮೊದಲು ಅಲ್ಲಿನ ಕಾಡಿನ ಜನ ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಕನ್ನಡದಲ್ಲಿ ತಿರುವು ಇದೆ, ಕಾಸರಗೋಡಿನ ಕಡೆ ತಿರ್ಗಾಸು ಇದೆ. ‘ತುರುಬುಸೂಜಿ ತಿರುವು’ ಎಂದರೆ ಕಿವಿಗೆ ಹಿತವೇ. ಬಸ್ಸಿನಲ್ಲಿ ಯಾರೂ ಹಾಗೆನ್ನುವುದಿಲ್ಲ, ನಾನೂ ಒತ್ತಾಯಿಸುವುದಿಲ್ಲ. ತಾಳವಾಡಿಯ ಮಕ್ಕಳು ಹಲಗೆಯ ಮೇಲಿನ ತಮಿಳನ್ನು ಓದಿ ಅರ್ಥವನ್ನು ಕನ್ನಡದಲ್ಲಿ ಹೇಳಬಲ್ಲರು, ಅದು ನಮಗಿರುವ ಅನುಕೂಲ.

ಒಂದು ಮಾತು. ಘಾಟಿಯಲ್ಲಿ ಹತ್ತುವ ಗಾಡಿಗೆ ಇಳಿಯುವ ಗಾಡಿ ದಾರಿ ಬಿಡಬೇಕು, ಅದು ನಿಯಮ. ನಿಮ್ಮ ಗಾಡಿ ಕೆಟ್ಟು ಯಾರಿಗಾದರೂ ಫೋನು ಮಾಡಬೇಕಾದರೆ ‘ಹೇರ್‌ಪಿನ್ ಹತ್ತಿರ ಇದ್ದೇವೆ’ ಎಂದಷ್ಟೇ ಹೇಳಬೇಡಿ. ಹಲಗೆಯ ಮೇಲಿನ ಸಂಖ್ಯೆ ಓದಿ ಹೇಳಿ. ದಿಂಬಂನಲ್ಲಿ ಅವು 27 ಇವೆ.