ಲಿಂಕ್ ಒತ್ತಿದರೆ ಆ್ಯಪ್‌ನ ಐಕಾನ್ ಬದಲಾಗುತ್ತದೆಯೇ?

ಹೇಳಿಕೆ: ‘ಈ ಲಿಂಕ್ ಒತ್ತಿ, ನಿಮ್ಮ ವಾಟ್ಸ್‌ಆ್ಯಪ್ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ’ ಎಂಬ ಸಂದೇಶ 2021ರಲ್ಲಿ ಭಾರತದಲ್ಲಿ ಹರಿದಾಡಿತ್ತು. 2023ರ ಜೂನ್‌ನಲ್ಲಿ ಅದು ಮರಳಿದಾಗ ಮುಂಬೈ ಪೊಲೀಸರು ಎಚ್ಚರಿಕೆ ನೀಡಿದ್ದರು.

ಸತ್ಯಾಂಶ: ಹೇಳಿಕೆ ಸುಳ್ಳು. ಫಾರ್ವರ್ಡ್ ಆಗಿ ಬಂದ ಲಿಂಕ್, ಫೋನಿನಲ್ಲಿರುವ ಆ್ಯಪ್‌ನ ಐಕಾನನ್ನು ಬದಲಿಸಲಾರದು. ಇಂಥ ಲಿಂಕ್‌ನಿಂದ ಇಳಿಯುವುದು ಬೇರೆಯೇ ಒಂದು ಆ್ಯಪ್.

ಹಾಗಾದರೆ ಐಕಾನ್ ಬದಲಾಗುವುದು ಹೇಗೆ?

ಸಾಮಾನ್ಯವಾಗಿ ಆ್ಯಪ್ ಅಪ್‌ಡೇಟ್ ಆದಾಗ. 2023ರ ಜುಲೈನಲ್ಲಿ ಟ್ವಿಟರ್ ‘ಎಕ್ಸ್’ ಆದ ಬಳಿಕ ಹಕ್ಕಿ ಮಾಯವಾದದ್ದು ಹೀಗೆಯೇ. ಇನ್ನು ಕೆಲವು ಆ್ಯಪ್‌ಗಳು ತಮ್ಮೊಳಗೇ ನಾಲ್ಕಾರು ಐಕಾನ್‌ಗಳನ್ನು ಇಟ್ಟುಕೊಂಡು, ಅಪ್‌ಡೇಟ್ ಇಲ್ಲದೆಯೂ ಬದಲಿಸುತ್ತವೆ. ಐಫೋನ್‌ನಲ್ಲಿ 2017ರ ಐಒಎಸ್ 10.3ರಿಂದ ಇದು ಸಾಧ್ಯ; ಬದಲಾದಾಗ ಪರದೆಯ ಮೇಲೆ ಸೂಚನೆಯೂ ಬರುತ್ತದೆ. ಆಂಡ್ರಾಯ್ಡ್‌ನಲ್ಲಿ ಒಂದೇ ಆ್ಯಪ್‌ಗೆ ಹಲವು ಬಾಗಿಲುಗಳಿಟ್ಟು, ಒಂದನ್ನು ಮುಚ್ಚಿ ಇನ್ನೊಂದನ್ನು ತೆರೆಯುತ್ತಾರೆ. ಪ್ರತಿ ಬಾಗಿಲಿಗೂ ಬೇರೆ ಹೆಸರು, ಬೇರೆ ಚಿತ್ರ.

ಅಪಾಯ ಎಲ್ಲಿದೆ?

ಎಲ್ಲ ಬಾಗಿಲುಗಳನ್ನೂ ಮುಚ್ಚಿದರೆ ಐಕಾನ್ ಕಾಣದಂತಾಗುತ್ತದೆ, ಆ್ಯಪ್ ಒಳಗೇ ಉಳಿಯುತ್ತದೆ. ಕೆಟ್ಟ ಆ್ಯಪ್‌ಗಳು ಇದನ್ನು ಬಳಸಿಕೊಂಡಿವೆ. 2019ರ ಆಂಡ್ರಾಯ್ಡ್ 10 ಇದಕ್ಕೆ ಸ್ವಲ್ಪ ಕಡಿವಾಣ ಹಾಕಿತು; ಹಳೆಯ ಫೋನ್‌ಗಳಲ್ಲಿ ಆ ರಕ್ಷಣೆ ಇಲ್ಲ. ಬ್ಯಾಂಕಿನದೋ ಆರ್‌ಟಿಒದ್ದೋ ಲಾಂಛನವನ್ನು ನಕಲು ಮಾಡಿ ಐಕಾನ್ ಆಗಿ ಅಂಟಿಸುವುದಂತೂ ಇನ್ನೂ ಸುಲಭ.

ಕಟಪಾಡಿ ಪಕ್ಕದ ಮಟ್ಟು ಗುಳ್ಳಕ್ಕೆ ಜಿಐ ಮಾನ್ಯತೆ ಇದೆ. ಆದರೂ ಸಂತೆಯಲ್ಲಿ ದುಂಡಗಿನ ಹಸಿರು ಗುಳ್ಳ ಕಂಡರೆ ‘ಎಲ್ಲಿಯದು?’ ಎಂದು ಕೇಳಿಯೇ ಕೊಳ್ಳುತ್ತೇವೆ. ಆ್ಯಪ್‌ಗೂ ಅದೇ ಪ್ರಶ್ನೆ ಬೇಕು.

ಏನು ಮಾಡಬೇಕು?

• ಆ್ಯಪ್‌ಗಳನ್ನು ಪ್ಲೇ ಸ್ಟೋರ್ ಅಥವಾ ಆ್ಯಪ್ ಸ್ಟೋರ್‌ನಿಂದಲೇ ಪಡೆಯಿರಿ. ತಯಾರಕರ ಹೆಸರು ನೋಡಿ.
• ಚಾಟ್‌ನಲ್ಲಿ ಬಂದ ಎಪಿಕೆ ಫೈಲ್, ಮದುವೆ ಆಮಂತ್ರಣದ ಹೆಸರಿನಲ್ಲಿದ್ದರೂ, ತೆರೆಯಬೇಡಿ.
• ಅನುಮಾನವಿದ್ದರೆ ಹೋಮ್ ಸ್ಕ್ರೀನ್ ಅಲ್ಲ, ಸೆಟ್ಟಿಂಗ್ಸ್‌ನಲ್ಲಿರುವ ಆ್ಯಪ್‌ಗಳ ಪೂರ್ಣ ಪಟ್ಟಿ ನೋಡಿ, ಅಪರಿಚಿತವಾದುದನ್ನು ತೆಗೆದುಹಾಕಿ.
• ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ.

ತೀರ್ಮಾನ: ಐಕಾನ್ ಬದಲಾದ ಮಾತ್ರಕ್ಕೆ ಆ್ಯಪ್ ನಕಲಿಯಲ್ಲ, ಐಕಾನ್ ಸರಿಯಿದ್ದ ಮಾತ್ರಕ್ಕೆ ಅಸಲಿಯೂ ಅಲ್ಲ. ಅದು ಎಲ್ಲಿಂದ ಬಂತು ಎಂಬುದನ್ನು ನೋಡಿ. ‘ಬಣ್ಣ ಬದಲಿಸುವ’ ಲಿಂಕ್ ಮನೆಯ ಗ್ರೂಪ್‌ಗೆ ಬಂದರೆ, ಅದನ್ನು ಮುಂದೆ ಕಳುಹಿಸದೆ ಈ ಮಾಹಿತಿಯನ್ನು ಹಂಚಿಕೊಳ್ಳಿ.